ಇನ್ನೂರೈದೋ, ಇನ್ನೂರಿಪ್ಪತ್ತೈದೋ

ಟೈರಿನ ಪಕ್ಕೆಯ ಮೇಲೆ ಉಬ್ಬಿದ ಅಂಕಿಗಳನ್ನು
ಹೆಬ್ಬೆರಳಿಂದ ಸವರಿ ಓದುತ್ತೇನೆ; ಕನ್ನಡಕ ಕಾರಿನಲ್ಲೇ ಉಳಿದಿದೆ.
ಇನ್ನೂರಿಪ್ಪತ್ತೈದು, ನಲವತ್ತೈದು, ಹದಿನೈದು.
ಅಗಲ, ಆ ಅಗಲದಲ್ಲಿ ನೂರಕ್ಕೆಷ್ಟು ಎತ್ತರ,
ಕೊನೆಯದು ಒಳಗಿನ ಚಕ್ರದ ಇಂಚು.

ಸೆಲ್ಕರ್ಕಿನ ಅಂಗಡಿಯಲ್ಲಿ ರೊಮ್ಮೆಲ್
ಒಂದರ ಮೇಲೊಂದು ಪೇರಿಸಿದ್ದಾನೆ,
ಅಜ್ಜಿ ಕ್ರಿಸ್ಮಸ್ಸಿಗೆ ಮಾಡುತ್ತಿದ್ದ ಏಳು ಪದರದ ವೀನಾರ್ತೆರ್ತಾದ ಹಾಗೆ,
ಬರೀ ಕಪ್ಪು ಪದರಗಳೇ ಉಳಿದಿದ್ದರೆ ಹೇಗೋ ಹಾಗೆ.
"ಹೋದ ಸಲದ ಅಳತೆಯೇ ತಾನೆ, ಸಿಗ್ರುನ್?"
ಹೂಂ ಅನ್ನಲು ಬಾಯಿ ತೆರೆದವಳು
ಗಾಳಿ ತುಂಬುವ ಯಂತ್ರದ ಬುಸುಬುಸು ಕೇಳುತ್ತ ನಿಂತೆ.

ಹನ್ನೊಂದು ಬೇಸಿಗೆ. ಎರಡು ಸೀಟಿನ ಒಂದೇ ಕೆಂಪು ಕಾರು, ಇಬ್ಬರು ಚಾಲಕರು.
ಗಿಮ್ಲಿಯ ಹಳೇ ವಿಮಾನದಾರಿ, ಬಿರುಕು ಬಿಟ್ಟ ಕಾಂಕ್ರೀಟು,
ಕಿತ್ತಳೆ ಕೋನುಗಳ ನಡುವೆ
ಅರವತ್ತು ಸೆಕೆಂಡು ನಾನು, ಅರವತ್ತು ಸೆಕೆಂಡು ಥೊರ್ವಲ್ಡ್.
ನಾನಿಳಿದು ಅವನು ಹತ್ತುವಷ್ಟರಲ್ಲಿ ಟೈರು ಆರುತ್ತಿರಲಿಲ್ಲ.
ನಾನು ಕಾಸಿದ ರಬ್ಬರಿನ ಮೇಲೆ ಅವನು ಗೆಲ್ಲುತ್ತಿದ್ದ,
ಅವನು ಕಾಸಿದ್ದರ ಮೇಲೆ ಒಮ್ಮೊಮ್ಮೆ ನಾನು.
ಜುಲೈಯಲ್ಲಿ ಕಾವು ಮಿತಿಮೀರಿದರೆ
ಗುಲಾಬಿ ಗಿಡದ ಪಂಪಿನಿಂದ ನೀರು ಸಿಂಪಡಿಸುತ್ತಿದ್ದೆವು,
ಸರೋವರದ ಹುಳುಗಳು ಬಂದು ಒದ್ದೆ ಟೈರಿಗೆ ಅಂಟಿಕೊಳ್ಳುತ್ತಿದ್ದವು.

ಹೋದ ಸೆಪ್ಟೆಂಬರಿನಲ್ಲಿ ಅವನ ನೋಟದ ನಡುಭಾಗ ಅಳಿಸಿಹೋಯಿತು.
"ಅಂಚೆಲ್ಲ ಇದೆ, ನಾನು ನೋಡಿದ ಕೋನು ಮಾತ್ರ ಇಲ್ಲ" ಅಂದ.
ಲೈಸೆನ್ಸನ್ನು ತಾನೇ ಕಚೇರಿಗೆ ಒಯ್ದು ಕೊಟ್ಟು
ಬಸ್ಸು ಹತ್ತಿ ಮನೆಗೆ ಬಂದ.

"ಅಗಲ ಹೆಚ್ಚಿದಷ್ಟೂ ಹಿಡಿತ" ಎನ್ನುತ್ತಾನೆ ರೊಮ್ಮೆಲ್.
ಹೌದಪ್ಪ. ಆದರೆ ಮೇ ತಿಂಗಳು, ನೀರಿನಲ್ಲಿನ್ನೂ ಹಿಮದ ಹಲಗೆ.
ಅಷ್ಟಗಲದ ರಬ್ಬರು ಒಬ್ಬಳ ಓಟಕ್ಕೆ ಏಳುವುದಿಲ್ಲ,
ಅದು ಕಣ್ಣುಜ್ಜುವಷ್ಟರಲ್ಲಿ ನನ್ನ ನಿಮಿಷ ಮುಗಿದಿರುತ್ತದೆ,
ಮುಂದಿನ ಸರದಿ ಬರುವ ಹೊತ್ತಿಗೆ ಮತ್ತೆ ತಣ್ಣಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ;
ಏಳಿಂಚಿನ ರಿಮ್ಮಿನ ಮೇಲೆ ಅದು ಮುದುಡಿಯೇ ಮಲಗಿತ್ತು,
ಇಷ್ಟು ವರ್ಷ ಇಬ್ಬರ ಕಾವಿನಲ್ಲಿ ಗೊತ್ತಾಗಲಿಲ್ಲ.
ನೂರಾ ತೊಂಬತ್ತೈದು? ಚುರುಕು, ಬೇಗ ಬಿಸಿಯಾಗುತ್ತದೆ,
ಆದರೆ ಗಿಡ್ಡ. ಹತ್ತು ಮಿಲಿಮೀಟರಿನ ವ್ಯತ್ಯಾಸಕ್ಕೆ
ಕೊನೆಯ ನೇರದಲ್ಲಿ ಎರಡನೇ ಗೇರು ಕಿರುಚಿ ಕೈಚೆಲ್ಲುತ್ತದೆ,
ಮೂರಕ್ಕೆ ಹಾಕಿ, ತೆಗೆದು, ಅರ್ಧ ಸೆಕೆಂಡು ಕೆರೆಗೆ.

ಫೋನು ಮಾಡಿದೆ. ಬಹಳ ಹೊತ್ತು ಬರೀ ಅವನ ರೇಡಿಯೋ.
ಆಮೇಲೆ: "ಇನ್ನೂರೈದು, ಐವತ್ತರದ್ದು. ಒಬ್ಬಳಿಗೆ ಅದು ಸರಿ."
ಆಮೇಲೆ: "ಹಿಂದಿನ ಟೈರಿಗೆ ಗಾಳಿ ಒಂದೆರಡು ಕಡಿಮೆ ಇಡು."
ಇಟ್ಟುಬಿಟ್ಟ.

ಭಾನುವಾರ ನಾಲ್ಕನೇ ಓಟ. ಟೈರು ಎಚ್ಚರವಾಗಿದೆ,
ಸ್ಟಿಯರಿಂಗಿನಲ್ಲಿ ನೆಲದ ಒಂದೊಂದು ಬಿರುಕೂ ಮಾತಾಡುತ್ತಿದೆ.
ಕೊನೆಯ ತಿರುವಿನಲ್ಲಿ ಹಿಂಬದಿ ತುಸು ಜಾರಿ
ಟಪ್.
ಕನ್ನಡಿಯಲ್ಲಿ ಕೋನು ನಿಂತೇ ಇದೆ. ಬಿದ್ದಿಲ್ಲ!

ಅಲ್ಲಿ ಹಳದಿ ಅಂಗಿ ತೊಟ್ಟ ಥೊರ್ವಲ್ಡ್,
ಕೋಳಿಯ ಹಾಗೆ ತಲೆ ವಾರೆ ಮಾಡಿಕೊಂಡು
ಸದ್ದು ಬಂದ ಕಡೆಗೆ ಓಡುತ್ತಾನೆ, ಮಂಡಿಯೂರುತ್ತಾನೆ,
ಕೋನಿನ ಪಾದದ ಸುತ್ತ ಸುಣ್ಣದ ಗೆರೆಯನ್ನು
ಬೆರಳಿಂದ ತಡವಿ ತಡವಿ ನೋಡುತ್ತಾನೆ.
ನನ್ನ ಈ ವರ್ಷದ ಅತಿ ವೇಗದ ಓಟ ಅದು, ಅವನಿಗೂ ಗೊತ್ತು.

ರೇಡಿಯೋದಲ್ಲಿ ಅವನ ದನಿ, ಚೂರೂ ನಡುಗದೆ:
"ಪೂರ್ತಿ ಗೆರೆಯಾಚೆ. ಕೆಂಪು ಕಾರಿಗೆ ಎರಡು ಸೆಕೆಂಡು ಸೇರಿಸಿ."